ಅಬು ಪರ್ವತದ ಹಸಿರು ಮುನಿಯಾ: ಪಕ್ಷಿವೀಕ್ಷಕರನ್ನು ಸೆಳೆಯುವ ಅಪರೂಪದ ಫಿಂಚ್

ರಾಜಸ್ಥಾನದ ಅಬು ಪರ್ವತವೆಂದರೆ ನಮ್ಮ ನಾಡಿನ ಪ್ರವಾಸಿಗರಿಗೆ ಮೊದಲು ನೆನಪಾಗುವುದು ದಿಲ್ವಾಡಾದ ಅಮೃತಶಿಲೆಯ ಜೈನ ದೇವಾಲಯಗಳು, ನಕ್ಕಿ ಕೆರೆ ಹಾಗೂ ಗುರುಶಿಖರ. ಆದರೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಅದೇ ಬೆಟ್ಟವನ್ನೇರುವ ಮತ್ತೊಂದು ಬಗೆಯ ಯಾತ್ರಿಕರೂ ಇದ್ದಾರೆ. ಅವರ ದೃಷ್ಟಿ ಶಿಖರದ ಮೇಲಿರುವುದಿಲ್ಲ. ಬೆಟ್ಟದ ಇಳಿಜಾರಿನ ಹೊಲಗಳ ಕಲ್ಲಿನ ಬದುಗಳ ಮೇಲೆ, ಒಣಹುಲ್ಲಿನ ತೆನೆಗಳ ಮೇಲೆ, ಲಂಟಾನದ ಪೊದೆಗಳ ಮೇಲೆ ಇರುತ್ತದೆ. ಅವರು ಹುಡುಕುವುದು ನಮ್ಮ ಗುಬ್ಬಚ್ಚಿಗಿಂತಲೂ ಚಿಕ್ಕದಾದ, ಹಸಿರು ಮೈಯ, ಕೆಂಪು ಕೊಕ್ಕಿನ ಒಂದು ಪುಟ್ಟ ಹಕ್ಕಿಯನ್ನು. ಅದೇ ಹಸಿರು ಮುನಿಯಾ.

ಭಾರತವನ್ನು ಬಿಟ್ಟರೆ ಪ್ರಪಂಚದ ಬೇರಾವ ದೇಶದಲ್ಲೂ ಸಹಜವಾಗಿ ನೆಲೆಸಿರದ ಈ ಹಕ್ಕಿಯನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ ಚೆಲುವೇ ಅದಕ್ಕೆ ಶತ್ರುವಾಗಿ ಪರಿಣಮಿಸಿದೆ ಎಂಬುದು ವಿಷಾದದ ಸಂಗತಿ. ಈ ಹಕ್ಕಿಯ ಸ್ವರೂಪ, ಅದರ ಇತಿಹಾಸ, ಅದಕ್ಕೆ ಒದಗಿರುವ ಗಂಡಾಂತರ ಮತ್ತು ಅದನ್ನು ನೋಡಹೋಗುವವರು ಪಾಲಿಸಬೇಕಾದ ಮರ್ಯಾದೆಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಫಿಂಚ್ ಎಂದರೆ ಯಾವ ಹಕ್ಕಿ?

‘ಫಿಂಚ್’ ಎಂಬ ಪದ ಪಕ್ಷಿಶಾಸ್ತ್ರದಲ್ಲಿ ಸಾಕಷ್ಟು ಗೊಂದಲಕ್ಕೆ ಎಡೆಮಾಡಿಕೊಟ್ಟಿದೆ. ದಪ್ಪನೆಯ ಶಂಕುವಿನಾಕಾರದ ಕೊಕ್ಕಿನಿಂದ ಕಾಳು ಒಡೆದು ತಿನ್ನುವ ಚಿಕ್ಕ ಹಕ್ಕಿಗಳನ್ನೆಲ್ಲ ಯುರೋಪಿನ ಆರಂಭಕಾಲದ ವಿದ್ವಾಂಸರು ಒಂದೇ ಗುಂಪಿಗೆ ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಅಂಗರಚನೆಯ ಅಧ್ಯಯನವೂ ಇತ್ತೀಚಿನ ದಶಕಗಳಲ್ಲಿ ವಂಶವಾಹಿಗಳ ಅಧ್ಯಯನವೂ ಈ ಗುಂಪನ್ನು ಹಲವು ಕುಟುಂಬಗಳಾಗಿ ಒಡೆದವು. ಕೊಕ್ಕಿನ ಆಕಾರವು ತಿನ್ನುವ ಆಹಾರವನ್ನು ಸೂಚಿಸುತ್ತದೆಯೇ ಹೊರತು ರಕ್ತಸಂಬಂಧವನ್ನಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ವಿಕಾಸವಾದದ ಚರ್ಚೆಯಲ್ಲಿ ಪದೇ ಪದೇ ಪ್ರಸ್ತಾಪವಾಗುವ ಗಲಪಗೋಸ್ ದ್ವೀಪಗಳ ‘ಡಾರ್ವಿನ್ ಫಿಂಚ್’ಗಳು ಕೂಡ ನಿಜವಾದ ಫಿಂಚ್‌ಗಳಲ್ಲ, ಅವು ಅಮೆರಿಕ ಖಂಡಗಳ ಟ್ಯಾನೇಜರ್ ಕುಟುಂಬಕ್ಕೆ ಸೇರಿದವು.

ನಿಜವಾದ ಫಿಂಚ್‌ಗಳ ಕುಟುಂಬವನ್ನು ಫ್ರಿಂಜಿಲಿಡೇ ಎನ್ನುತ್ತಾರೆ. ಹಿಮಾಲಯದಲ್ಲಿ ಇವುಗಳ ವೈವಿಧ್ಯ ಅಪಾರ. ಕರ್ನಾಟಕಕ್ಕೆ ಈ ಕುಟುಂಬದಿಂದ ಬರುವ ಚಳಿಗಾಲದ ಅತಿಥಿ ಗುಲಾಬಿ ಫಿಂಚ್. ಬಿದಿರು ಹೂಬಿಟ್ಟು ಅಕ್ಕಿ ಕಟ್ಟಿದ ಬೆಟ್ಟಗಳಲ್ಲಿ ಇದರ ಹಿಂಡುಗಳು ಕಾಣಿಸಿಕೊಳ್ಳುವುದುಂಟು.

ಮುನಿಯಾಗಳು ಸೇರಿರುವುದು ಎಸ್ಟ್ರಿಲ್ಡಿಡೇ ಎಂಬ ಮತ್ತೊಂದು ಕುಟುಂಬಕ್ಕೆ. ಆಫ್ರಿಕ, ದಕ್ಷಿಣ ಏಷ್ಯ ಮತ್ತು ಆಸ್ಟ್ರೇಲಿಯಗಳಲ್ಲಿ ಹರಡಿರುವ ಈ ಕುಟುಂಬದಲ್ಲಿ ಸುಮಾರು 140 ಪ್ರಭೇದಗಳಿವೆ. ಅರಗಿನಂತೆ ಹೊಳೆಯುವ ಕೊಕ್ಕು ಇವುಗಳಲ್ಲಿ ಹಲವಕ್ಕಿರುವುದರಿಂದ ಇಂಗ್ಲಿಷಿನಲ್ಲಿ ಇವುಗಳಿಗೆ ‘ವ್ಯಾಕ್ಸ್‌ಬಿಲ್’ ಎಂಬ ಹೆಸರೂ ‘ಹುಲ್ಲಿನ ಫಿಂಚ್’ ಎಂಬ ಅರ್ಥದ ಹೆಸರೂ ಬಂದಿವೆ. ಭಾರತದಲ್ಲಿ ಕೆಂಪು ಮುನಿಯಾ, ಹಸಿರು ಮುನಿಯಾ, ಬಿಳಿಕೊರಳ ಮುನಿಯಾ, ಬಿಳಿಬೆನ್ನಿನ ಮುನಿಯಾ, ಕಪ್ಪುಕೊರಳ ಮುನಿಯಾ, ಚುಕ್ಕೆ ಮುನಿಯಾ, ತ್ರಿವರ್ಣ ಮುನಿಯಾ ಮತ್ತು ಕಂದು ಮುನಿಯಾ ಎಂಬ ಎಂಟು ಬಗೆಗಳನ್ನು ಗುರುತಿಸಲಾಗಿದೆ. ಕನ್ನಡದ ಪಕ್ಷಿಗ್ರಂಥಗಳಲ್ಲಿ ಇವುಗಳಿಗೆ ‘ರಾಟವಾಳ’ ಎಂಬ ಹೆಸರು ಬಳಕೆಯಲ್ಲಿದೆ.

ಹಕ್ಕಿಯ ಸ್ವರೂಪ

ಹಸಿರು ಮುನಿಯಾದ ಉದ್ದ ಸುಮಾರು 10 ಸೆಂಟಿಮೀಟರ್ ಮಾತ್ರ. ಗಂಡಿನ ಬೆನ್ನು ಮತ್ತು ತಲೆ ಎಳೆಹುಲ್ಲಿನ ಹಸಿರು; ಕೊರಳು ಮತ್ತು ಎದೆ ತಿಳಿಹಳದಿ; ಹೊಟ್ಟೆಯ ಭಾಗ ಇನ್ನೂ ಗಾಢವಾದ ಹಳದಿ. ಬಾಲ ಕಪ್ಪು. ಪಕ್ಕೆಗಳ ಮೇಲೆ ಬಿಳಿ ಮತ್ತು ಕಡುಹಸಿರು ಮಿಶ್ರಿತ ಕಂದುಬಣ್ಣದ ಅಡ್ಡಪಟ್ಟೆಗಳು ಜೀಬ್ರಾದ ಮೈಯನ್ನು ನೆನಪಿಸುತ್ತವೆ. ಈ ಪಟ್ಟೆಗಳೂ ಕೆಂಪು ಕೊಕ್ಕೂ ಸೇರಿ ಇದನ್ನು ಇತರ ಮುನಿಯಾಗಳಿಂದ ತಕ್ಷಣ ಬೇರ್ಪಡಿಸುತ್ತವೆ. ಹೆಣ್ಣಿನ ಬಣ್ಣ ಇದೇ ಬಗೆಯದಾದರೂ ಮಂಕು. ಪಕ್ಕೆಯ ಪಟ್ಟೆಗಳೂ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಮರಿಹಕ್ಕಿಗಳು ಕಂದುಮಿಶ್ರಿತ ಬಣ್ಣದಲ್ಲಿದ್ದು ಅವುಗಳ ಕೊಕ್ಕು ಕಪ್ಪಗಿರುತ್ತದೆ, ಪಟ್ಟೆಗಳು ಇರುವುದಿಲ್ಲ.

ಇದರ ಹತ್ತಿರದ ಬಂಧುವಾದ ಕೆಂಪು ಮುನಿಯಾ ನಮ್ಮ ರಾಜ್ಯದ ಹುಲ್ಲುಗಾವಲು ಮತ್ತು ಕೆರೆಯಂಚುಗಳಲ್ಲಿ ಕಾಣಸಿಗುತ್ತದೆ. ಬೆಂಗಳೂರಿನ ಸಮೀಪದ ಹೆಸರಘಟ್ಟದ ಹುಲ್ಲುಗಾವಲಿಗೆ ಛಾಯಾಗ್ರಾಹಕರು ಹೋಗುವ ಕಾರಣಗಳಲ್ಲಿ ಅದೂ ಒಂದು. ಸಂತಾನೋತ್ಪತ್ತಿಯ ಕಾಲದಲ್ಲಿ ಕಡುಗೆಂಪು ಮೈಮೇಲೆ ಬಿಳಿಚುಕ್ಕೆಗಳನ್ನು ತಳೆಯುವ ಗಂಡು ಕೆಂಪು ಮುನಿಯಾ, ಆ ಕಾಲ ಕಳೆದೊಡನೆ ಹೆಣ್ಣಿನಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಹಸಿರು ಮುನಿಯಾದಲ್ಲಿ ಇಂಥ ವೇಷಾಂತರವಿಲ್ಲ. ವರ್ಷವಿಡೀ ಅದರ ಮೈ ಹಸಿರೇ. ಆದ್ದರಿಂದಲೇ ಪಂಜರದಲ್ಲಿ ಹಕ್ಕಿ ಸಾಕುವವರಿಗೆ ಅದರ ಮೇಲೆ ಹೆಚ್ಚಿನ ಮೋಹ.

ಹೆಸರಿನ ಹಿಂದಿನ ಕಥೆ

ಈ ಹಕ್ಕಿಯ ವೈಜ್ಞಾನಿಕ ಹೆಸರು ಅಮಾಂಡಾವಾ ಫಾರ್ಮೋಸಾ. ‘ಫಾರ್ಮೋಸಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸುಂದರಿ. 1790ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಇದಕ್ಕೆ ಈ ನಾಮಕರಣ ಮಾಡಿದರು. ‘ಅಮಾಂಡಾವಾ’ ಎಂಬ ಪದದ ಮೂಲ ಮಾತ್ರ ಯಾವ ಶಾಸ್ತ್ರೀಯ ಭಾಷೆಯಲ್ಲೂ ಇಲ್ಲ. ಅದು ನಮ್ಮ ಅಹಮದಾಬಾದ್ ನಗರದ ಹೆಸರಿನ ಅಪಭ್ರಂಶ. ಯುರೋಪಿಗೆ ಕೆಂಪು ಮುನಿಯಾಗಳು ರವಾನೆಯಾಗುತ್ತಿದ್ದುದು ಆ ನಗರದಿಂದ. ಊರಿನ ಹೆಸರೇ ವರ್ತಕರ ಬಾಯಲ್ಲಿ ತಿರುಚಿ ಹಕ್ಕಿಯ ಹೆಸರಾಯಿತು. ಇಂಗ್ಲಿಷಿನಲ್ಲಿ ಅದು ‘ಅವಡವಟ್’ ಎಂದಾಯಿತು. 1758ರಲ್ಲಿ ಲಿನೇಯಸ್ ಕೆಂಪು ಮುನಿಯಾಕ್ಕೆ ಹೆಸರಿಟ್ಟಾಗ ಈ ಪದವೇ ವಿಜ್ಞಾನದ ದಾಖಲೆಗೆ ಸೇರಿತು.

ಹಕ್ಕಿಗೆ ಅದು ಬಾಳುವ ಕಾಡಿನ ಹೆಸರು ಬಾರದೆ, ಅದನ್ನು ಮಾರಿದ ಪೇಟೆಯ ಹೆಸರು ಬಂದಿತೆಂಬುದು ಅರ್ಥಪೂರ್ಣವಾದ ಸಂಗತಿ. ಮುನಿಯಾಗಳ ವ್ಯಾಪಾರ ಎಷ್ಟು ಹಳೆಯದೆಂಬುದಕ್ಕೆ ಈ ಹೆಸರೇ ಸಾಕ್ಷಿ. ಹೀಗೆ ರವಾನೆಯಾದ ಕೆಂಪು ಮುನಿಯಾಗಳು ಪಂಜರದಿಂದ ತಪ್ಪಿಸಿಕೊಂಡು ಸ್ಪೇನ್, ಪೋರ್ಚುಗಲ್, ಈಜಿಪ್ಟ್, ಫಿಜಿ ಮೊದಲಾದೆಡೆ ನೆಲೆಯೂರಿವೆ. ಹಸಿರು ಮುನಿಯಾಗಳು ಕೂಡ ಹಿಂದೆ ಲಾಹೋರಿನ ಸುತ್ತಮುತ್ತ ಹೀಗೆಯೇ ನೆಲೆಸಿದ್ದವು.

ಅಬು ಪರ್ವತವೇ ಏಕೆ?

ಅಬು ಪರ್ವತ ಸಿರೋಹಿ ಜಿಲ್ಲೆಯಲ್ಲಿದೆ. ಅರಾವಳಿ ಶ್ರೇಣಿಯ ಅತ್ಯುನ್ನತ ಬಿಂದುವಾದ ಗುರುಶಿಖರ ಇಲ್ಲಿಯೇ ಇದ್ದು, ಅದರ ಎತ್ತರ 1722 ಮೀಟರ್. ಸುತ್ತಲೂ ಒಣಭೂಮಿ ಹರಡಿರುವಾಗ ನಡುವೆ ದ್ವೀಪದಂತೆ ಎದ್ದುನಿಂತಿರುವ ಈ ಬೆಟ್ಟ ಮುಂಗಾರಿನ ಮೋಡಗಳನ್ನು ತಡೆದು ಮಳೆ ಸುರಿಸಿಕೊಳ್ಳುತ್ತದೆ. ಆದಕಾರಣ ತಪ್ಪಲಿನಲ್ಲಿ ಮುಳ್ಳುಕಂಟಿಯ ಕುರುಚಲು ಕಾಡಿದ್ದರೆ ಮೇಲೇರಿದಂತೆ ಹಸಿರು ದಟ್ಟವಾಗುತ್ತದೆ. ದಕ್ಷಿಣ ಭಾರತದ ಕಾಡುಗಳಲ್ಲಿ ನಾವು ಕಾಣುವ ಬೂದು ಕಾಡುಕೋಳಿ ಉತ್ತರದಲ್ಲಿ ಇಲ್ಲಿಯವರೆಗೂ ಹರಡಿದೆ. ಬೇರೆಲ್ಲೂ ಕಾಣಸಿಗದ ಡಿಕ್ಲಿಪ್ಟೆರಾ ಅಬುಯೆನ್ಸಿಸ್ ಎಂಬ ಗಿಡ ಈ ಬೆಟ್ಟದ ಹೆಸರನ್ನೇ ಹೊತ್ತಿದೆ.

1960ರಲ್ಲಿ ಈ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2009ರ ಜೂನ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ಇಲ್ಲಿ ಪರಿಸರ ಸೂಕ್ಷ್ಮ ವಲಯವನ್ನು ಅಧಿಸೂಚಿಸಿತು. ರಾಜಸ್ಥಾನದ ಏಕೈಕ ಗಿರಿಧಾಮವೆಂಬ ಖ್ಯಾತಿಯಿಂದಾಗಿ ಇಲ್ಲಿಗೆ ಬರುವ ಪ್ರವಾಸಿಗರ ಒತ್ತಡ ಭಾರಿ. ಕಟ್ಟಡ ನಿರ್ಮಾಣಕ್ಕೆ ಕಡಿವಾಣ ಹಾಕುವ ಅಗತ್ಯ ಎದುರಾದದ್ದು ಆ ಕಾರಣದಿಂದಲೇ.

ಈ ಬೆಟ್ಟದ ಹಕ್ಕಿಗಳ ಕುರಿತಾದ ದಾಖಲೆಗಳು 19ನೇ ಶತಮಾನದಿಂದಲೇ ದೊರೆಯುತ್ತವೆ. ಬ್ರಿಟಿಷ್ ಸೇನಾಧಿಕಾರಿ ಬಟ್ಲರ್ ಅವರು 1875ರಿಂದ ಮೊದಲ್ಗೊಂಡು ಅಬು ಪರ್ವತ ಮತ್ತು ಉತ್ತರ ಗುಜರಾತಿನ ಪಕ್ಷಿಗಳ ಬಗ್ಗೆ ಲೇಖನಮಾಲೆಯನ್ನು ಪ್ರಕಟಿಸಿದರು. ಅದನ್ನು ಪ್ರಕಟಿಸಿದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯ ಸಂಪಾದಕರು ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಅವರೇ ಇವರು. ಅಲ್ಲಿಂದ ಮುಂದೆ ಅಬು ಬೆಟ್ಟದ ಮುನಿಯಾಗಳು ಆಗಾಗ ವರದಿಯಾಗುತ್ತ ಬಂದವು. 2000ದ ದಶಕದಲ್ಲಿ ರಾಜಸ್ಥಾನದ ಸಂಶೋಧಕರು ಈ ಬೆಟ್ಟದ ಮುನಿಯಾಗಳನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿ, ಹಸಿರು ಮುನಿಯಾದ ನೆಲೆ ಇಲ್ಲಿ ಉಳಿದುಬಂದಿರುವುದನ್ನು ಪಕ್ಷಿಶಾಸ್ತ್ರದ ನಿಯತಕಾಲಿಕೆಗಳ ಮೂಲಕ ಜಗತ್ತಿಗೆ ತಿಳಿಸಿದರು. ಆ ಬಳಿಕ ಹಕ್ಕಿ ನೋಡಲೆಂದೇ ಬರುವವರ ಸಂಖ್ಯೆ ಹೆಚ್ಚಿತು.

ಇತರೆಡೆ ಇದರ ನೆಲೆಗಳು ಚದುರಿಹೋಗಿವೆ. ದಕ್ಷಿಣ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಮಹಾರಾಷ್ಟ್ರದ ಕೆಲವು ಭಾಗಗಳು ಹಾಗೂ ಒಡಿಶಾದಿಂದ ಇದರ ದಾಖಲೆಗಳಿವೆ. ಆದರೆ ಈ ನೆಲೆಗಳು ಒಂದಕ್ಕೊಂದು ಹೊಂದಿಕೊಂಡಿಲ್ಲ. ಒಂದು ಕಡೆಯ ಹಿಂಡು ಅಳಿದುಹೋದರೆ ಪಕ್ಕದ ಹಿಂಡು ಬಂದು ಆ ಜಾಗವನ್ನು ತುಂಬುವುದು ಸುಲಭವಲ್ಲ.

ಆಹಾರ, ಗೂಡು, ಸಂಸಾರ

ಹಸಿರು ಮುನಿಯಾ ಸಂಘಜೀವಿ. ಸಾಮಾನ್ಯವಾಗಿ ಚಿಕ್ಕ ಹಿಂಡುಗಳಲ್ಲಿ, ಕೆಲವೊಮ್ಮೆ ಹಲವು ಹತ್ತು ಹಕ್ಕಿಗಳ ದೊಡ್ಡ ಹಿಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಹುಲ್ಲಿನ ಬೀಜಗಳೇ ಇದರ ಮುಖ್ಯ ಆಹಾರ. ನೆಲಕ್ಕುದುರಿದ ಕಾಳುಗಳನ್ನು ಹೆಕ್ಕುತ್ತದೆ. ಬಾಗಿದ ತೆನೆಗೆ ಜೋತುಬಿದ್ದು ಬೀಜಗಳನ್ನು ಬಿಡಿಸುತ್ತದೆ. ಬೀಜ ತಿನ್ನುವ ಹಕ್ಕಿಯಾದ್ದರಿಂದ ನೀರಿನ ಆಸರೆ ಇದಕ್ಕೆ ಅನಿವಾರ್ಯ. ಹೀಗಾಗಿ ಎತ್ತರದ ಹುಲ್ಲು, ಅಡಗಲು ಪೊದೆ, ಕುಡಿಯಲು ನೀರು, ಇವು ಮೂರೂ ಒಟ್ಟಿಗೆ ಸಿಗುವ ಜಾಗವೇ ಇದರ ನೆಲೆ. ಅಬು ಬೆಟ್ಟದ ಹಳ್ಳಿಗಳ ಸುತ್ತಲಿನ ಮೆಟ್ಟಿಲುಹೊಲಗಳು, ಅವುಗಳ ನಡುವಿನ ಬದುಗಳು ಮತ್ತು ಬಾವಿ, ಹಳ್ಳಗಳ ಅಂಚು ಈ ಮೂರನ್ನೂ ಒದಗಿಸುತ್ತವೆ. ದಟ್ಟ ಅರಣ್ಯದ ಒಳಗೆ ಇದು ವಾಸಿಸದು. ಕಾಡಿಗೂ ಹೊಲಕ್ಕೂ ನಡುವಿನ ಅಂಚೇ ಇದಕ್ಕೆ ಪ್ರಿಯ.

ಮುನಿಯಾಗಳ ಗೂಡು ಹುಲ್ಲಿನ ಎಸಳುಗಳಿಂದ ಹೆಣೆದ ಚೆಂಡಿನಂತಿದ್ದು ಪಕ್ಕದಲ್ಲಿ ಪ್ರವೇಶದ್ವಾರವಿರುತ್ತದೆ. ಗೀಜಗನ ನೇಯ್ಗೆಯ ನಾಜೂಕು ಇದಕ್ಕಿಲ್ಲ. ಆದರೆ ಮೊಟ್ಟೆಗಳನ್ನು ಬಿಸಿಲುಮಳೆಯಿಂದ ಕಾಪಾಡಲು ಸಾಕಾಗುತ್ತದೆ. ಕಬ್ಬಿನ ಗದ್ದೆ, ಎತ್ತರದ ಹುಲ್ಲು ಹಾಗೂ ಪೊದೆಗಳಲ್ಲಿ ಹಸಿರು ಮುನಿಯಾ ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ 4ರಿಂದ 6 ಬಿಳಿ ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವ ಹಾಗೂ ಮರಿಗಳಿಗೆ ಗುಟುಕು ನೀಡುವ ಹೊಣೆಯನ್ನು ಈ ಕುಟುಂಬದ ಗಂಡುಹೆಣ್ಣುಗಳೆರಡೂ ಹಂಚಿಕೊಳ್ಳುತ್ತವೆ. ಮರಿಗಳ ಬಾಯೊಳಗೆ ವಿಶಿಷ್ಟ ಚುಕ್ಕೆಗಳ ವಿನ್ಯಾಸವಿರುವುದು ಈ ಕುಟುಂಬದ ಮತ್ತೊಂದು ಕುತೂಹಲಕಾರಿ ಲಕ್ಷಣ.

ಲಂಟಾನದ ಇಕ್ಕಟ್ಟು

ಲಂಟಾನ ಅಮೆರಿಕದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದ ಗಿಡ. ಇಂದು ಅದು ಬಂಡೀಪುರದಿಂದ ಅರಾವಳಿಯವರೆಗೆ ಭಾರತದ ಕಾಡುಗಳನ್ನು ಆಕ್ರಮಿಸಿಕೊಂಡಿದೆ. ಹುಲ್ಲನ್ನು ಬೆಳೆಯಗೊಡದ ಈ ಕಳೆಯನ್ನು ತೆರವುಗೊಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಬು ಬೆಟ್ಟದಲ್ಲಿ ಹಸಿರು ಮುನಿಯಾಗಳು ಅಡಗಲು, ರಾತ್ರಿ ತಂಗಲು ಲಂಟಾನದ ಪೊದೆಗಳನ್ನು ಆಶ್ರಯಿಸಿಕೊಂಡಿವೆ. ಸ್ಥಳೀಯ ಪೊದೆಗಿಡಗಳು ಕಣ್ಮರೆಯಾದ ಕಡೆ ಪರಕೀಯ ಕಳೆಯೇ ಅವುಗಳಿಗೆ ಬೇಲಿಯಾಗಿ ನಿಂತಿದೆ.

ಹೀಗಿರುವಾಗ ಒಂದೇ ಸಲ ಇಡೀ ಇಳಿಜಾರನ್ನು ಬೋಳಿಸಿದರೆ ಗಿಡುಗ, ಬೆಕ್ಕು, ಹಾವುಗಳಿಂದ ತಪ್ಪಿಸಿಕೊಳ್ಳಲು ಹಕ್ಕಿಗೆ ಜಾಗವೇ ಉಳಿಯದು. ಹಾಗೆಂದು ಲಂಟಾನವನ್ನು ಬೆಳೆಯಲು ಬಿಟ್ಟರೆ ಹಕ್ಕಿ ತಿನ್ನುವ ಹುಲ್ಲೇ ಇಲ್ಲವಾಗುತ್ತದೆ. ಇದಕ್ಕಿರುವ ವಿವೇಕದ ಮಾರ್ಗವೆಂದರೆ, ಕಳೆಯನ್ನು ಹಂತ ಹಂತವಾಗಿ, ತುಂಡು ತುಂಡು ಪ್ರದೇಶಗಳಲ್ಲಿ ಕೀಳುವುದು. ಕಿತ್ತಲ್ಲಿ ಸ್ಥಳೀಯ ಪೊದೆಗಳೂ ಹುಲ್ಲೂ ಮೇಲೇಳುವವರೆಗೆ ಪಕ್ಕದ ತುಂಡನ್ನು ಹಾಗೆಯೇ ಬಿಡುವುದು. ಗೂಡು ಕಟ್ಟುವ ಕಾಲದಲ್ಲಿ ಕೆಲಸ ನಿಲ್ಲಿಸುವುದು. ಕರ್ನಾಟಕದ ಅರಣ್ಯಗಳಲ್ಲಿ ಲಂಟಾನ ತೆರವಿನ ಯೋಜನೆ ರೂಪಿಸುವವರಿಗೂ ಇಲ್ಲಿ ಕಲಿಯಬೇಕಾದದ್ದಿದೆ.

ಪಂಜರದ ಪೇಟೆ

ನೆಲೆಯ ನಾಶ ಹಸಿರು ಮುನಿಯಾದ ಒಂದು ಶತ್ರುವಾದರೆ, ಅದಕ್ಕಿಂತ ಹಳೆಯದೂ ನೇರವಾದುದೂ ಆದ ಶತ್ರು ಪಂಜರದ ವ್ಯಾಪಾರ. ನವಣೆಯಂಥ ಸಿರಿಧಾನ್ಯ ಹಾಕಿದರೆ ಬದುಕುವ ಹಕ್ಕಿ. ಹಿಂಡಿನಲ್ಲಿ ಚಲಿಸುವುದರಿಂದ ಒಂದೇ ಬಲೆಗೆ ಹಲವು ಸಿಕ್ಕುತ್ತವೆ. ನೀರು ಕುಡಿಯಲು ನಿತ್ಯ ಒಂದೇ ಜಾಗಕ್ಕೆ ಬರುತ್ತದೆ. ಹಿಡಿಯುವವನಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಪಂಜರದಲ್ಲಿಟ್ಟ ಒಂದು ಹಕ್ಕಿಯ ಕೂಗಿಗೆ ಹಿಂಡೇ ಬಂದಿಳಿಯುವಂತೆ ಮಾಡಿ ಬಲೆ ಎಳೆಯುವುದು ಹಳೆಯ ತಂತ್ರ. ಹಿಡಿದ ಹಕ್ಕಿಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿ ಕಿಕ್ಕಿರಿದು ತುಂಬಿ ಸಾಗಿಸುವಾಗ ಬಹಳಷ್ಟು ಹಕ್ಕಿಗಳು ದಾರಿಯಲ್ಲೇ ಸಾಯುತ್ತವೆ. ಪೇಟೆಯಲ್ಲಿ ಕಾಣುವ ಪ್ರತಿಯೊಂದು ಜೀವಂತ ಹಕ್ಕಿಯ ಹಿಂದೆ ಕಾಣದ ಸಾವುಗಳಿವೆ ಎಂಬುದನ್ನು ಕೊಳ್ಳುವವರು ಯೋಚಿಸುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಂದ ತಿದ್ದುಪಡಿಯ ನಂತರ ದೇಶೀಯ ಮುನಿಯಾಗಳನ್ನು ಹಿಡಿಯುವುದಾಗಲಿ ಮಾರುವುದಾಗಲಿ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಾಯಿದೆಯ ಉಲ್ಲಂಘನೆಗೆ ಸಾಮಾನ್ಯವಾಗಿ 3 ವರ್ಷಗಳವರೆಗಿನ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಹಸಿರು ಮುನಿಯಾದ ಹೆಸರಿದೆ. ಇಷ್ಟಾದರೂ ಕದ್ದುಮುಚ್ಚಿ ವ್ಯಾಪಾರ ನಡೆಯುತ್ತಿದೆ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಪಂಜರದ ಹಕ್ಕಿಯನ್ನು ದುಡ್ಡು ಕೊಟ್ಟು ಕೊಂಡು ಹಾರಿಬಿಟ್ಟರೆ ಪುಣ್ಯ ಬರುತ್ತದೆಂಬ ನಂಬಿಕೆ ಹಲವರಲ್ಲಿದೆ. ಉದ್ದೇಶ ಕರುಣೆಯದೇ ಆದರೂ ಕೊಟ್ಟ ಹಣ ಸೇರುವುದು ಬಲೆ ಬೀಸುವವನ ಕೈಗೆ. ಬಿಟ್ಟ ಹಕ್ಕಿಯ ಜಾಗಕ್ಕೆ ಮರುದಿನ ಮತ್ತೊಂದು ಬರುತ್ತದೆ. ದಣಿದು ಸೋತ ಹಕ್ಕಿ ಗುರುತಿಲ್ಲದ ನಗರದ ನಡುವೆ ಬಿಡುಗಡೆಗೊಂಡು ಬದುಕುವ ಸಂಭವವೂ ಕಡಿಮೆ. ಹಕ್ಕಿ ಮಾರುವವರನ್ನು ಕಂಡರೆ ಕೊಳ್ಳದೆ ಅರಣ್ಯ ಇಲಾಖೆಗೆ ತಿಳಿಸುವುದೇ ನಿಜವಾದ ದಯೆ. ತಲೆತಲಾಂತರದಿಂದ ಹಕ್ಕಿ ಹಿಡಿದು ಬದುಕಿದ ಬಡಕುಟುಂಬಗಳಿಗೆ ಬೇರೆ ಜೀವನೋಪಾಯ ಕಲ್ಪಿಸುವುದೂ ಅಷ್ಟೇ ಅಗತ್ಯ. ಹಕ್ಕಿಯ ಚಲನವಲನವನ್ನು ಬಲ್ಲ ಅವರ ಕಣ್ಣು, ಕಿವಿಗಳು ಮಾರ್ಗದರ್ಶಕರಾಗಿಯೂ ದುಡಿಯಬಲ್ಲವು.

ಬಣ್ಣ ಬಳಿದ ಮುನಿಯಾ

ಹಸಿರು ಮುನಿಯಾಕ್ಕೆ ಬೇಡಿಕೆ ಹೆಚ್ಚು, ಹಕ್ಕಿ ಕಡಿಮೆ. ಈ ಅಂತರವನ್ನು ತುಂಬಲು ಪಕ್ಷಿವ್ಯಾಪಾರಿಗಳು ಕಂಡುಕೊಂಡ ಉಪಾಯ ವಿಚಿತ್ರವಾದುದು. ನಮ್ಮ ಬಯಲುಗಳಲ್ಲಿ ಧಾರಾಳವಾಗಿರುವ ಬಿಳಿಕೊರಳ ಮುನಿಯಾ ಮೊದಲಾದವುಗಳಿಗೆ ಹಸಿರು, ಕೆಂಪು, ಹಳದಿ ಬಣ್ಣ ಬಳಿದು ಅಪರೂಪದ ಹಕ್ಕಿಯೆಂದು ಮಾರುವುದು ಉತ್ತರ ಭಾರತದ ಪೇಟೆಗಳಲ್ಲಿ ದಾಖಲಾಗಿದೆ. ಇಂಥ ಹಕ್ಕಿಗಳು ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಊರಹೊರಗಿನ ಬಯಲುಗಳಲ್ಲಿ ಕಾಣಿಸಿಕೊಂಡು, ಹೊಸ ಪ್ರಭೇದ ಸಿಕ್ಕಿತೆಂದು ಹೊಸಬರು ಸಂಭ್ರಮಿಸುವಂತೆ ಮಾಡುತ್ತವೆ.

ಕರ್ನಾಟಕವು ಹಸಿರು ಮುನಿಯಾದ ಸಹಜ ವ್ಯಾಪ್ತಿಯಿಂದ ಹೊರಗಿದೆ. ಆದ್ದರಿಂದ ನಮ್ಮಲ್ಲಿ ಯಾರಾದರೂ ಹಸಿರು ಬಣ್ಣದ ಮುನಿಯಾವನ್ನು ಕಂಡರೆ ಮೊದಲು ಕೆಲವು ಅಂಶಗಳನ್ನು ಪರಿಶೀಲಿಸಬೇಕು. ಪಕ್ಕೆಗಳ ಮೇಲೆ ಅಡ್ಡಪಟ್ಟೆಗಳಿವೆಯೇ? ಕೊಕ್ಕು ಕೆಂಪಗಿದೆಯೇ ಅಥವಾ ಬೂದು ಬಣ್ಣದ್ದೇ? ಹಸಿರು ಎಲ್ಲೆಡೆ ಸಮನಾಗಿದೆಯೇ, ಇಲ್ಲವೇ ಗರಿಗಳ ತುದಿಯಲ್ಲಿ ಗಾಢವಾಗಿ ಬುಡದಲ್ಲಿ ಮೂಲಬಣ್ಣ ಕಾಣಿಸುತ್ತಿದೆಯೇ? ಬಣ್ಣ ಬಳಿದ ಹಕ್ಕಿಗೆ ಪಟ್ಟೆಗಳಿರುವುದಿಲ್ಲ. ಬಿಳಿಯಿರಬೇಕಾದ ಕಡೆಯೂ ಬಣ್ಣ ಹರಡಿರುತ್ತದೆ. ಬಾಲ ಮತ್ತು ರೆಕ್ಕೆಗಳ ಗರಿಗಳು ಸವೆದು ಮುರಿದಿದ್ದರೆ, ಕಾಲಿಗೆ ಉಂಗುರವಿದ್ದರೆ, ಮನುಷ್ಯರಿಗೆ ಹೆದರದಿದ್ದರೆ ಅದು ಪಂಜರದಿಂದ ಬಂದದ್ದೆಂದು ಶಂಕಿಸಬೇಕು. ಇಂಥ ದಾಖಲೆಯೂ ನಿರರ್ಥಕವಲ್ಲ. ಎಲ್ಲೋ ಸಮೀಪದಲ್ಲಿ ವ್ಯಾಪಾರ ನಡೆಯುತ್ತಿದೆಯೆಂಬ ಸುಳಿವನ್ನು ಅದು ಕೊಡುತ್ತದೆ.

ನೋಡಹೋಗುವವರಿಗೆ

ಬೆಳಗಿನ ಹೊತ್ತು ಹಕ್ಕಿಗಳು ಮೇಯುವ ಮತ್ತು ನೀರಿಗಿಳಿಯುವ ಸಮಯವಾದ್ದರಿಂದ ವೀಕ್ಷಣೆಗೆ ಅದು ಪ್ರಶಸ್ತ. ಹುಲ್ಲಿನ ನಡುವೆ ಹಿಂಡು ಕುಳಿತಾಗ ಅದರ ಹಸಿರು ಮೈ ಎಲೆಗಳೊಂದಿಗೆ ಬೆರೆತುಹೋಗುತ್ತದೆ. ಕೆಂಪು ಕೊಕ್ಕು ಅಲುಗಿದಾಗ ಮಾತ್ರ ಗುರುತು ಸಿಗುತ್ತದೆ. ಸಣ್ಣದಾದ ಕೀಚಲು ದನಿಯನ್ನು ಕೇಳಿಸಿಕೊಂಡು ತಾಳ್ಮೆಯಿಂದ ಒಂದೆಡೆ ಕುಳಿತರೆ ಹಕ್ಕಿಯೇ ಹತ್ತಿರ ಬರುತ್ತದೆ. ಬೆನ್ನಟ್ಟಿದರೆ ಹಾರಿಹೋಗುತ್ತದೆ.

ಹೊಲಗಳು ರೈತರವು. ಅವರ ಅನುಮತಿಯಿಲ್ಲದೆ ಬದು ದಾಟುವುದು, ಬೆಳೆ ತುಳಿಯುವುದು ಸಲ್ಲದು. ಹಕ್ಕಿಯನ್ನು ಸೆಳೆಯಲು ಧ್ವನಿಮುದ್ರಿತ ಕೂಗನ್ನು ಹಾಕುವುದು, ಚಿತ್ರಕ್ಕಾಗಿ ಕಾಳು ಚೆಲ್ಲಿ ನಿತ್ಯ ಒಂದೇ ಕಡೆ ಬರುವಂತೆ ಅಭ್ಯಾಸ ಮಾಡಿಸುವುದು ಅಪಾಯಕಾರಿ. ಛಾಯಾಗ್ರಾಹಕರ ಕಾಳಿಗೆ ಒಗ್ಗಿದ ಹಕ್ಕಿ ಬೇಟೆಗಾರನ ಕಾಳಿಗೂ ಇಳಿಯುತ್ತದೆ. ಗೂಡಿನ ಬಳಿಗೆ ಹೋಗುವುದನ್ನು ಸಂಪೂರ್ಣವಾಗಿ ವರ್ಜಿಸಬೇಕು.

ಕಂಡ ಹಕ್ಕಿಗಳ ಸಂಖ್ಯೆ, ದಿನಾಂಕ, ನೆಲೆಯ ಸ್ವರೂಪ, ಗಂಡುಹೆಣ್ಣು ಮತ್ತು ಮರಿಗಳ ಪ್ರಮಾಣ, ಇವುಗಳನ್ನು ಟಿಪ್ಪಣಿ ಮಾಡಿಕೊಂಡು ಈಬರ್ಡ್‌ನಂಥ ಸಾರ್ವಜನಿಕ ದತ್ತಸಂಚಯಕ್ಕೆ ಸೇರಿಸಿದರೆ ಸಂಶೋಧಕರಿಗೆ ಉಪಕಾರವಾಗುತ್ತದೆ. ಕಳ್ಳಬೇಟೆಯ ಭಯವಿರುವ ಪ್ರಭೇದಗಳ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡುವ ವ್ಯವಸ್ಥೆ ಈಬರ್ಡ್‌ನಲ್ಲಿದೆ. ಅದೇ ಎಚ್ಚರವನ್ನು ಪ್ರತಿಯೊಬ್ಬರೂ ತಮ್ಮ ಚಿತ್ರ ಹಂಚಿಕೊಳ್ಳುವಾಗ ಪಾಲಿಸಬೇಕು. ಬೆಟ್ಟದ ಹೆಸರು ಎಲ್ಲರಿಗೂ ತಿಳಿದದ್ದೇ. ಆದರೆ ಯಾವ ಬಾವಿಯ ಬಳಿ, ಯಾವ ಹೊತ್ತಿಗೆ ಹಿಂಡು ನೀರಿಗೆ ಬರುತ್ತದೆಂಬ ವಿವರ ಜಗಜ್ಜಾಹೀರಾಗಬೇಕಿಲ್ಲ.

ಉಳಿಸುವ ದಾರಿ

ಹುಲಿ, ಆನೆಗಳಿಗೆ ದೊರೆಯುವ ರಕ್ಷಣೆ 10 ಸೆಂಟಿಮೀಟರ್ ಉದ್ದದ ಹಕ್ಕಿಗೆ ದೊರೆಯುವುದು ವಿರಳ. ಅಭಯಾರಣ್ಯದ ಗಡಿಯೊಳಗೆ ಅದು ಇದೆಯೆಂದ ಮಾತ್ರಕ್ಕೆ ಸುರಕ್ಷಿತವೆಂದೂ ಭಾವಿಸುವಂತಿಲ್ಲ. ಅದು ಬದುಕುವುದು ಕಾಡಿನ ನಡುವಿನಲ್ಲಲ್ಲ, ರೈತನ ಹೊಲದ ಅಂಚಿನಲ್ಲಿ. ಆ ಹೊಲ ಹೋಟೆಲಿನ ನಿವೇಶನವಾದ ದಿನ ಹಕ್ಕಿಯ ಆಶ್ರಯವೂ ಮುಗಿಯುತ್ತದೆ. ಆದುದರಿಂದ ಹಳೆಯ ಕ್ರಮದ ಬೇಸಾಯ ಮುಂದುವರಿಯುವಂತೆ, ಹಕ್ಕಿ ನೋಡಬರುವವರಿಂದ ಹಳ್ಳಿಗರಿಗೂ ಆದಾಯ ಸಿಗುವಂತೆ ನೋಡಿಕೊಳ್ಳುವುದು ಸಂರಕ್ಷಣೆಯ ಮುಖ್ಯ ಭಾಗ.

ಕನ್ನಡಿಗರಿಗೂ ಇದರಲ್ಲಿ ಪಾಠವಿದೆ. ‘ಪಾಳುಭೂಮಿ’ ಎಂದು ಕಂದಾಯ ದಾಖಲೆಗಳಲ್ಲಿ ನಮೂದಾಗುವ ನಮ್ಮ ಹುಲ್ಲುಗಾವಲುಗಳು, ಕೆರೆಯಂಗಳಗಳು, ಹೊಲದ ಬದುಗಳು ಕೆಂಪು ಮುನಿಯಾದಂಥ ಹಕ್ಕಿಗಳ ಮನೆ. ಇಂದು ಸಾಮಾನ್ಯವೆನಿಸಿದ ಹಕ್ಕಿ ನಾಳೆ ಅಪರೂಪವಾಗಬಾರದೆಂದಿದ್ದರೆ ಬದುವಿನ ಹುಲ್ಲಿಗೆ ಬೆಂಕಿಯಿಡದಿರುವುದು, ಕಳೆನಾಶಕ ಸುರಿಯದಿರುವುದು, ಪಂಜರದ ಮುನಿಯಾವನ್ನು ಕೊಳ್ಳದಿರುವುದು, ಇಷ್ಟನ್ನಾದರೂ ಪ್ರತಿಯೊಬ್ಬರೂ ಮಾಡಬಹುದು. ಹಸಿರು ಮುನಿಯಾವನ್ನು ನೋಡಲು ಅಬು ಪರ್ವತದವರೆಗೆ ಹೋಗಬೇಕು. ಅದರ ಸೋದರನನ್ನು ಉಳಿಸಲು ನಮ್ಮೂರ ಕೆರೆಯ ಏರಿಯವರೆಗೆ ಹೋದರೆ ಸಾಕು.